ಸೊಟ್ಟ ಬೆರಳು ನೆಟ್ಟಗಾಗಲೇಬೇಕಾ?

ಚೆಂಡು ಹಿಡಿಯಲು ಹೋಗಿ ಉಂಗುರದ ಬೆರಳಿಗೆ ಪೆಟ್ಟು ಬಿದ್ದು ಎರಡು ವರ್ಷವಾಯ್ತು. ಎಕ್ಸ್‌ರೇ ನೋಡಿ ಮೂಳೆ ಮುರಿದಿಲ್ಲ, ಬರೀ ಉಳುಕು ಅಂದಿದ್ದರು. ಊತ ಇಳಿದ ಮೇಲೆ ನೋಡಿದರೆ ನಡುಗೆಣ್ಣು ಬಾಗಿದೆ, ಉಗುರಿನ ಹತ್ತಿರದ ಗೆಣ್ಣು ಹಿಂದಕ್ಕೆ ಸೆಟೆದಿದೆ. ಮುಖ ತೊಳೆಯುವಾಗ ಮೂಗಿಗೆ ತಿವಿಯುತ್ತದೆ. ಜೇಬಿಗೆ ಕೈ ಹಾಕಿದರೆ ಅದೊಂದು ಬೆರಳು ಮಾತ್ರ ಹೊರಗೇ ಉಳಿಯುತ್ತದೆ.

ಇದಕ್ಕೆ ಬೂಟೊನಿಯರ್ ಅಂತಾರೆ. ಬೆರಳನ್ನು ನೆಟ್ಟಗೆ ಮಾಡುವ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ನಡುಗೆಣ್ಣಿನ ಮೇಲೆ ಹರಿದು, ಕಾಜಾದಿಂದ ಗುಂಡಿ ತೂರಿದ ಹಾಗೆ ಗೆಣ್ಣು ಮೇಲೆ ಬರುತ್ತದೆ. ಆ ಟೆಂಡನ್ನಿನ ಅಕ್ಕಪಕ್ಕದ ಪಟ್ಟಿಗಳು ಕೆಳಗೆ ಜಾರುತ್ತವೆ, ಎತ್ತಬೇಕಾದವೇ ಬಗ್ಗಿಸಲು ಶುರು ಮಾಡುತ್ತವೆ. ಎಕ್ಸ್‌ರೇಯಲ್ಲಿ ಟೆಂಡನ್ ಕಾಣಲ್ಲ, ಅಲ್ವಾ? ಆದರೆ ಮೇಜಿನ ಅಂಚಿಗೆ ಬೆರಳು ಮಡಚಿಟ್ಟು, ಈಗ ಚಾಚಿ ಅಂದು, ತುದಿ ಸೆಟೆಯುತ್ತದಾ ಅಂತ ನೋಡಲು ಒಂದು ನಿಮಿಷ ಸಾಕು. ಆಗಲೇ ಗೊತ್ತಾಗಿ ನಡುಗೆಣ್ಣಿಗೆ ಸುಮಾರು 6 ವಾರ ಬಿಚ್ಚದೆ ಸ್ಪ್ಲಿಂಟ್ (ನೆಟ್ಟಗೆ ಹಿಡಿದಿಡುವ ಪಟ್ಟಿ) ಹಾಕಿದ್ದರೆ ಬಹುಶಃ ಇಷ್ಟೆಲ್ಲ ಇರುತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ಆ ಒಂದು ನಿಮಿಷದ ಮೇಲೆ.

ಹಳೆಯದಾದ ಮೇಲೆ ಕತೆಯೇ ಬೇರೆ. ಆಪರೇಷನ್ ಮಾಡಿಸಿಯೇ ಬಿಡೋಣ ಅಂತ ಕೈ ಸರ್ಜನ್ ಹತ್ತಿರ ಹೋದೆ. ಅವರು ಬೆರಳನ್ನು ಮೆಲ್ಲಗೆ ಚಾಚಿ ನೋಡಿದರು, ಬರಲಿಲ್ಲ. ಮೊದಲು ಗೆಣ್ಣು ಸಡಿಲವಾಗಲಿ, ಬಿಗಿದ ಗೆಣ್ಣಿನ ಮೇಲೆ ಟೆಂಡನ್ ಹೊಲಿದು ಪ್ರಯೋಜನವಿಲ್ಲ ಅಂದರು. ಸ್ವಲ್ಪ ಸ್ವಲ್ಪ ಚಾಚುತ್ತಾ ಪ್ಲಾಸ್ಟರ್ ಬದಲಾಯಿಸುತ್ತಾ ಹೋದರು. ಸಾಗಹಾಕುತ್ತಿದ್ದಾರೆ ಅನ್ನಿಸಿತ್ತು, ನಿಜ ಹೇಳಬೇಕಂದ್ರೆ.

ಚೂರು ಸೊಟ್ಟ ಬಿಟ್ಟರೆ ಬೆರಳು ಬಹುತೇಕ ನೆಟ್ಟಗಾಯ್ತು. ಆಮೇಲೆ "ಮುಷ್ಟಿ ಕಟ್ಟಿ" ಅಂದರು. ಪೂರ್ತಿ ಕಟ್ಟಿದೆ. "ಆಪರೇಷನ್ ಆದ ಮೇಲೆ ಇಷ್ಟು ಮಡಚಲು ಬರದೇ ಹೋದರೆ ಪರವಾಗಿಲ್ವಾ?" ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಟೆಂಡನ್ ಮತ್ತೆ ಕಟ್ಟಿದರೂ, ಬೇರೆ ಕಡೆಯಿಂದ ತಂದು ಜೋಡಿಸಿದರೂ ಸುತ್ತ ಅಂಟಿಕೊಂಡು ಬೆರಳು ಬಿಗಿಯಬಹುದಂತೆ. ತುದಿ ಮಾತ್ರ ಸೆಟೆದಿದ್ದರೆ ಅಲ್ಲಿನ ಟೆಂಡನ್ ಬಿಡಿಸುವ ಸಣ್ಣ ಆಪರೇಷನ್ ಇದೆ. ಕೀಲೇ ಸವೆದಿದ್ದರೆ ಸಿಲಿಕೋನ್ ಕೀಲು ಹಾಕುತ್ತಾರೆ, ಇಲ್ಲವೇ ಮೂಳೆಗಳನ್ನು ಬೆಸೆಯುತ್ತಾರೆ. ನಡುಗೆಣ್ಣನ್ನು ಬೆಸೆಯುವಾಗ ನೆಟ್ಟಗೆ ಬೆಸೆಯುವುದಿಲ್ಲ, ಸುಮಾರು 40 ಡಿಗ್ರಿಯೋ ಜಾಸ್ತಿಯೋ ಬಗ್ಗಿಸಿಯೇ ಬೆಸೆಯುತ್ತಾರೆ, ಯಾಕಂದ್ರೆ ಕೋಲಿನಂಥ ಬೆರಳು ಎಲ್ಲದಕ್ಕೂ ಅಡ್ಡ. ಬೆಸೆಯುವವರೇ ಬಗ್ಗಿಸಿ ಬೆಸೆಯುವಾಗ ನಾನು ಚೂರು ಸೊಟ್ಟಕ್ಕೆ ಮುಷ್ಟಿಯನ್ನೇ ಪಣಕ್ಕಿಡೋದಾ?

ಆಪರೇಷನ್ ಬೇಡ ಅಂದೆ. ಚೂರು ಸೊಟ್ಟ ಹಾಗೇ ಇದೆ. ಜೇಬಿನೊಳಗೆ ಐದೂ ಬೆರಳು ಹೋಗುತ್ತವೆ. ಮೂಗಿಗೆ ಮಾತ್ರ ಇನ್ನೂ ಒಮ್ಮೊಮ್ಮೆ ತಿವಿಯುತ್ತದೆ.