ಮಸಿ ಹೋಗುತ್ತದೆ, ಬೆರಳು ಬರಬೇಕು

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ, ಅರಗಿನ ಕಾರ್ಖಾನೆಯಾಗಿ ಹುಟ್ಟಿ ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನಲ್ಲಿರುವ ಸಂಸ್ಥೆ, 1962ರ ಮಹಾಚುನಾವಣೆಯಿಂದ ಇಡೀ ದೇಶದ ಬೆರಳುಗಳಿಗೆ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿದೆ. ಈ ಶಾಯಿ ಹಲವು ಪರದೇಶಗಳ ಚುನಾವಣೆಗಳಿಗೂ ಪ್ರಯಾಣ ಮಾಡುತ್ತದೆ. ಮೈಸೂರಿನ ಸೀಸೆಯೊಂದು ಕಡಲು ದಾಟಿ, ಕಂಡು ಕೇಳರಿಯದ ಜನರ ಬೆರಳಿನ ಮೇಲೆ ಪ್ರಜಾಪ್ರಭುತ್ವದ ಗುರುತನ್ನು ಮೂಡಿಸಿ ಬರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಅದೇ ಮೈಸೂರಿನ ಬೆರಳು ಹೊಟ್ಟೆಪಾಡಿಗಾಗಿ ಕಡಲು ದಾಟಿದ್ದರೆ, ಮತಪತ್ರವಾಗಲಿ ಮಸಿಯಾಗಲಿ ಅದನ್ನು ಹುಡುಕಿಕೊಂಡು ಹೋಗುವಂತಿಲ್ಲ. ಬೆರಳೇ ವಿಮಾನ ಹತ್ತಿ ಊರಿಗೆ ಬರಬೇಕು.

ಈ ಸೂಕ್ಷ್ಮವನ್ನು ನಾನು ಅರಿತದ್ದು ಕೊಲ್ಲಿ ರಾಷ್ಟ್ರವೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿರುವ ನನ್ನ ಅಣ್ಣನ ಮಗನಿಂದ. ಕಳೆದ ಲೋಕಸಭಾ ಚುನಾವಣೆ ಮುಗಿದ ಮೇಲೆ ಅವನು ಫೋನು ಮಾಡಿ, "ಚಿಕ್ಕಪ್ಪ, ಸೈನಿಕರಿಗೆ ಅಂಚೆಯಲ್ಲಿ ಮತಪತ್ರ ಹೋಗುತ್ತದಂತೆ. ಹಾಗೆಯೇ ನನಗೂ ಏನಾದರೂ ದಾರಿ ಇದೆಯೇ, ಸ್ವಲ್ಪ ನೋಡಿ ಹೇಳಿ" ಎಂದು ಕೇಳಿದ. ನಿವೃತ್ತನಾದ ನನಗೆ ಬೇರೆ ಘನಕಾರ್ಯವೇನೂ ಇರಲಿಲ್ಲವಾದ್ದರಿಂದ ಪ್ರಜಾಪ್ರತಿನಿಧಿ ಕಾಯ್ದೆಗಳನ್ನೂ ಚುನಾವಣಾ ನಿಯಮಗಳನ್ನೂ ಎದುರಿಗಿಟ್ಟುಕೊಂಡು, ಇವನನ್ನು ಯಾವ ಖಾನೆಯಲ್ಲಿ ತೂರಿಸಬಹುದೆಂದು ಹುಡುಕಲು ಕುಳಿತೆ.

ಅನಿವಾಸಿ ಮತದಾರ ಎಂಬ ಖಾನೆ ಇದ್ದೇ ಇದೆ. 1950ರ ಕಾಯ್ದೆಗೆ 20ಎ ಎಂಬ ಕಲಮನ್ನು ಸೇರಿಸಿ, 2011ರ ಫೆಬ್ರುವರಿಯಿಂದ ಜಾರಿಗೆ ಬರುವಂತೆ ಸರ್ಕಾರವು ಈ ಉಪಕಾರವನ್ನು ಮಾಡಿತು. ಪರದೇಶದ ಪೌರತ್ವ ಪಡೆಯದ ಭಾರತೀಯನು ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರಿಸಿಕೊಳ್ಳಬಹುದು. ಅವನಿಗೆ ಮತದಾರರ ಗುರುತಿನ ಚೀಟಿ ಕೊಡುವುದಿಲ್ಲ. ಮತದಾನದ ದಿನ ಮೂಲ ಪಾಸ್‌ಪೋರ್ಟ್ ಹಿಡಿದುಕೊಂಡು ಖುದ್ದಾಗಿ ಮತಗಟ್ಟೆಗೆ ಬರಬೇಕು. ಅಂದರೆ, ಊರಿನಲ್ಲಿ ಇಲ್ಲದವನಿಗೆಂದೇ ವಿಶೇಷವಾಗಿ ರೂಪಿಸಿದ ಈ ಹಕ್ಕನ್ನು ಊರಿನಲ್ಲಿ ಇದ್ದಾಗ ಮಾತ್ರ ಚಲಾಯಿಸಬಹುದು. ಈಜು ಬಾರದವರಿಗಾಗಿ ಸೇತುವೆ ಕಟ್ಟಿಸಿ, ಅದನ್ನು ಹತ್ತುವ ಮೆಟ್ಟಿಲನ್ನು ಆಚೆ ದಡದಲ್ಲಷ್ಟೇ ಇಟ್ಟಂತೆ.

2024ರ ಲೋಕಸಭಾ ಚುನಾವಣೆಗೆ ಹೀಗೆ ಹೆಸರು ನೋಂದಾಯಿಸಿಕೊಂಡಿದ್ದವರು ಸುಮಾರು 1.19 ಲಕ್ಷ ಮಂದಿ. ಬಂದು ಮತ ಹಾಕಿದವರು 2,958. ಅವರಲ್ಲೂ 2,670 ಮಂದಿ ಕೇರಳದವರು. ಅಲ್ಲಿಯ ಗಲ್ಫ್ ಸಂಘಟನೆಗಳು ಗುಂಪಾಗಿ ಟಿಕೆಟ್ ಕಾದಿರಿಸಿ ಮತದಾರರನ್ನು ಕರೆತರುವಷ್ಟು ಗಟ್ಟಿಗವು. ಉಳಿದ ಭಾರತಕ್ಕೆಲ್ಲ ಸೇರಿ ಸಿಕ್ಕಿದ್ದು 288 ಬೆರಳುಗಳು, ನಮ್ಮ ಕಡೆಯ ಮದುವೆ ಮನೆಯಲ್ಲಿ ಎರಡು ಪಂಕ್ತಿ ಊಟಕ್ಕೂ ಸಾಲದಷ್ಟು. ಇಷ್ಟು ಬಡಕಲು ಮತದಾನವಾದರೆ ಉಳಿದೆಡೆ ಜಾಗೃತಿ ಜಾಥಾ ನಡೆಯುತ್ತದೆ, ಶಾಲಾ ಮಕ್ಕಳಿಂದ ರಂಗೋಲಿ ಬಿಡಿಸಲಾಗುತ್ತದೆ. ಅನಿವಾಸಿಗಳಿಗೆ ಜಾಗೃತಿಯ ಕೊರತೆ ಇಲ್ಲವೆಂಬುದೂ, ಕೊರತೆ ಇರುವುದು ವಿಮಾನದ ದುಡ್ಡಿಗೆ ಮತ್ತು ರಜೆಗೆ ಎಂಬುದೂ ಎಲ್ಲರಿಗೂ ತಿಳಿದಿದೆಯಾದ್ದರಿಂದ ರಂಗೋಲಿಯ ಖರ್ಚೊಂದು ಉಳಿಯಿತು.

ಮುಂದಿನ ಖಾನೆ ಸೇವಾ ಮತದಾರರದು. ಇದರಲ್ಲಿ ಸಶಸ್ತ್ರ ಪಡೆಗಳವರು, ಸೇನಾ ಕಾಯ್ದೆ ಅನ್ವಯವಾಗುವ ಇತರ ಪಡೆಗಳವರು, ತಮ್ಮ ರಾಜ್ಯದ ಹೊರಗೆ ಕೆಲಸ ಮಾಡುವ ರಾಜ್ಯ ಸಶಸ್ತ್ರ ಪೊಲೀಸರು, ಮತ್ತು ಪರದೇಶದಲ್ಲಿ ಹುದ್ದೆಯಲ್ಲಿರುವ ಭಾರತ ಸರ್ಕಾರದ ನೌಕರರು ಬರುತ್ತಾರೆ. ಈ ಕೊನೆಯ ಗುಂಪನ್ನು ಓದುವಾಗ ನಾನು ಸ್ವಲ್ಪ ಹೊತ್ತು ಕನ್ನಡಕವನ್ನು ತೆಗೆದು ಒರೆಸಿಕೊಂಡೆ. ನನ್ನ ಅಣ್ಣನ ಮಗ ಪಾಸ್‌ಪೋರ್ಟ್ ನವೀಕರಣಕ್ಕೆಂದು ನಮ್ಮ ರಾಯಭಾರ ಕಚೇರಿಗೆ ಹೋದನೆನ್ನಿ. ಗಾಜಿನ ಆಚೆ ಕುಳಿತ ಗುಮಾಸ್ತರೂ ಭಾರತೀಯರು, ಈಚೆ ನಿಂತ ಇವನೂ ಭಾರತೀಯ. ಇಬ್ಬರಿಗೂ ಊರು ಅಷ್ಟೇ ದೂರ, ಇಬ್ಬರ ತಲೆಯ ಮೇಲೂ ಅದೇ ಬಿಸಿಲು. ಆದರೆ ಗಾಜಿನ ಆಚೆಯವರಿಗೆ ಮತಪತ್ರವು ವಿದ್ಯುನ್ಮಾನ ಮಾರ್ಗದಲ್ಲಿ ಕ್ಷಣಮಾತ್ರದಲ್ಲಿ ತಲುಪುತ್ತದೆ; ಈಚೆಯವನಿಗೆ ಮತದಾನ ಮಾಡಿ ಎಂಬ ಶುಭಾಶಯ ಮಾತ್ರ ತಲುಪುತ್ತದೆ. ಪರದೇಶದಿಂದ ಬಂದ ಮತಪತ್ರವನ್ನು ನಂಬುವುದು ಹೇಗೆ ಎಂದು ಕೇಳುವವರುಂಟು. ಗಾಜಿನ ಆಚೆಯಿಂದ ಬಂದರೆ ನಂಬಬಹುದು, ಈಚೆಯಿಂದ ಬಂದರೆ ನಂಬಲಾಗದು. ಎಲ್ಲ ಮಹಿಮೆಯೂ ಗಾಜಿನದೇ ಇರಬೇಕು.

ಸೈನಿಕರ ವಿಷಯದಲ್ಲಿ ನಗುವುದು ತರವಲ್ಲ, ನಗಲು ಮನಸ್ಸೂ ಬರುವುದಿಲ್ಲ. ಹಿಮದಲ್ಲಿ ನಿಂತವರಿಗೆ ಮತಪತ್ರ ಕಳಿಸುವುದು ಸರ್ಕಾರದ ಕರ್ತವ್ಯ. ಆದರೆ ಕಳಿಸುವ ಬಗೆ ನೋಡಿ. 2016ರಲ್ಲಿ ನಿಯಮ ತಿದ್ದಿ, ಮತಪತ್ರವು ಅಂಚೆಯ ಬದಲು ಕಂಪ್ಯೂಟರಿನ ಮೂಲಕ ಹೋಗುವಂತೆ ಮಾಡಲಾಯಿತು. ಯೋಧನ ಘಟಕದವರು ಗುಪ್ತಸಂಖ್ಯೆ ಬಳಸಿ ಅದನ್ನು ಇಳಿಸಿಕೊಂಡು, ಕಾಗದದ ಮೇಲೆ ಮುದ್ರಿಸಬೇಕು. ಯೋಧನು ಗುರುತು ಹಾಕಿ, ಘೋಷಣಾ ಪತ್ರಕ್ಕೆ ಅಧಿಕಾರಿಯ ದೃಢೀಕರಣ ಪಡೆದು, ಲಕೋಟೆಯೊಳಗೆ ಲಕೋಟೆಯಿಟ್ಟು ಅಂಟಿಸಿ, ಹಳೆಯ ಅಂಚೆಯಣ್ಣನ ಕೈಗೇ ಕೊಡಬೇಕು. ಅದು ಎಣಿಕೆ ಶುರುವಾಗುವ ಗಳಿಗೆಗೆ ಮೊದಲು ಚುನಾವಣಾಧಿಕಾರಿಯ ಮೇಜನ್ನು ಮುಟ್ಟಬೇಕು. ಹೋಗುವಾಗ ಮಿಂಚು, ಬರುವಾಗ ಎತ್ತಿನ ಗಾಡಿ. ಆದರೂ 2019ರಲ್ಲಿ 18 ಲಕ್ಷಕ್ಕೂ ಹೆಚ್ಚು ಸೇವಾ ಮತದಾರರ ಪೈಕಿ 10.84 ಲಕ್ಷ ಮಂದಿಯ ಲಕೋಟೆಗಳು ಮರಳಿ ಬಂದವು ಎಂಬುದು ಯೋಧರ ಶ್ರದ್ಧೆಗೂ ಅಂಚೆಯಣ್ಣನ ಕಾಲಿಗೂ ಸಲ್ಲಬೇಕಾದ ಗೌರವ.

ಯೋಧನ ಮನೆಯವರ ಬಗ್ಗೆ ಕಾಯ್ದೆಗಿದ್ದ ಕಲ್ಪನೆಯೂ ಸ್ವಾರಸ್ಯದ್ದೇ. ಅಧಿಕಾರಿಯ ಜೊತೆಯಲ್ಲಿ ವಾಸಿಸುವ ಹೆಂಡತಿ ಸೇವಾ ಮತದಾರಳಾಗಬಹುದಿತ್ತು. ಮಹಿಳಾ ಅಧಿಕಾರಿಯ ಜೊತೆಯಲ್ಲಿ ವಾಸಿಸುವ ಗಂಡ ಆಗುವಂತಿರಲಿಲ್ಲ. ಮಡಿಕೇರಿಯ ಹೆಣ್ಣುಮಗಳೊಬ್ಬಳು ಮೇಜರ್ ಆಗಿ ಗಡಿಯ ಕಡೆ ವರ್ಗವಾಗಿ ಹೋದರೆ, ಅವಳ ಹಿಂದೆ ಸಂಸಾರ ಕಟ್ಟಿಕೊಂಡು ಹೋದ ಗಂಡನನ್ನು ಕಾಯ್ದೆಯು ಕಂಡೂ ಕಾಣದಂತೆ ಇರುತ್ತಿತ್ತು. 2021ರಲ್ಲಿ ‘ಪತ್ನಿ’ ಎಂಬ ಪದವನ್ನು ಅಳಿಸಿ ‘ಸಂಗಾತಿ’ ಎಂಬ ಅರ್ಥದ ಪದವನ್ನು ಹಾಕಲಾಯಿತು. ಗಂಡನೂ ಹೆಂಡತಿಯ ಜೊತೆ ವಾಸಿಸಬಲ್ಲ ಪ್ರಾಣಿ ಎಂಬ ಸಂಗತಿ ಸಂಸತ್ತಿಗೆ ಹೊಳೆಯಲು ಗಣರಾಜ್ಯಕ್ಕೆ ಎಪ್ಪತ್ತು ದಾಟಬೇಕಾಯಿತು. ಅದೇ ಮನೆಯಲ್ಲಿರುವ ವಯಸ್ಸಿಗೆ ಬಂದ ಮಗ ಇಂದಿಗೂ ಸೇವಾ ಮತದಾರನಲ್ಲ; ಅವನು ಅಲ್ಲೇ ಉಂಡರೂ ಕಾಯ್ದೆಯ ದೃಷ್ಟಿಯಲ್ಲಿ ಬೇರೆ ಎಲೆ.

ಯೋಧರಿಗೆ ಇನ್ನೊಂದು ಸೌಕರ್ಯವೂ ಇದೆ. 2003ರ ತಿದ್ದುಪಡಿಯಂತೆ ಅವರು ಬೇಕಿದ್ದರೆ ಊರಿನಲ್ಲಿರುವ ಒಬ್ಬರನ್ನು ತಮ್ಮ ಪರವಾಗಿ ಮತ ಹಾಕಲು ನೇಮಿಸಬಹುದು. ಹಾಗೆ ಬಂದ ಪ್ರತಿನಿಧಿಯ ಎಡಗೈಯ ನಡುಬೆರಳಿಗೆ ಮಸಿ ಹಚ್ಚುತ್ತಾರೆ; ಅವನ ಸ್ವಂತ ಮತಕ್ಕಾಗಿ ತೋರುಬೆರಳನ್ನು ಉಳಿಸಬೇಕಲ್ಲ. ಇದೇ ಸೌಕರ್ಯವನ್ನು ಅನಿವಾಸಿಗಳಿಗೂ ಕೊಡುವ ಮಸೂದೆ 2018ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಪಾಸಾಯಿತು. ರಾಜ್ಯಸಭೆಯ ಬಾಗಿಲಲ್ಲಿ ಕುಳಿತು ಕುಳಿತು, 2019ರಲ್ಲಿ ಲೋಕಸಭೆಯೇ ವಿಸರ್ಜನೆಯಾದಾಗ ಅದೂ ಅಸುನೀಗಿತು. ಅನಿವಾಸಿಗಳ ಪರವಾಗಿ ಮತ ಹಾಕಬೇಕಿದ್ದ ನಡುಬೆರಳು ಅವರಿಗೆ ಸಿಕ್ಕಿದ್ದು ಬೇರೆಯೇ ಅರ್ಥದಲ್ಲಿ.

ಅಷ್ಟರಲ್ಲಿ ವಿಶೇಷ ಮತದಾರ ಎಂಬ ಖಾನೆ ಕಣ್ಣಿಗೆ ಬಿತ್ತು. ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಪಾಲರು, ಮಂತ್ರಿಗಳು ಇದರಲ್ಲಿ ಬರುತ್ತಾರೆ. ಈ ಹುದ್ದೆ ಇಲ್ಲದೇ ಹೋಗಿದ್ದರೆ ನಾನು ಇಂಥ ಊರಿನಲ್ಲಿ ವಾಸವಾಗಿರುತ್ತಿದ್ದೆ ಎಂದು ಅವರು ಒಂದು ಹೇಳಿಕೆ ಬರೆದುಕೊಟ್ಟರೆ, ಅದಕ್ಕೆ ವಿರುದ್ಧವಾದ ಸಾಕ್ಷ್ಯ ಸಿಗದ ಹೊರತು ನಿಜವೆಂದೇ ಒಪ್ಪತಕ್ಕದ್ದು. ಮತವನ್ನೂ ಅಂಚೆಯಲ್ಲಿ ಕಳಿಸಬಹುದು. ಬಡತನವೊಂದು ಇಲ್ಲದೇ ಹೋಗಿದ್ದರೆ ನಾನೂ ಯಾದಗಿರಿಯಲ್ಲೇ ವಾಸವಾಗಿರುತ್ತಿದ್ದೆ ಎಂದು ಬೆಂಗಳೂರಿನಲ್ಲಿ ಗಾರೆ ಕಲಸುವವನು ಬರೆದುಕೊಟ್ಟರೆ ಒಪ್ಪುವ ಕಲಮು ಮಾತ್ರ ನನಗೆ ಸಿಗಲಿಲ್ಲ. ಅಂಥವರಿಗಾಗಿ ಚುನಾವಣಾ ಆಯೋಗವು 2022ರ ಡಿಸೆಂಬರಿನಲ್ಲಿ ಒಂದು ಯಂತ್ರವನ್ನು ಪ್ರಕಟಿಸಿತ್ತು; ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತವನ್ನು ಪಡೆಯಬಲ್ಲ ಯಂತ್ರ. ಮರುತಿಂಗಳು ಪಕ್ಷಗಳನ್ನು ಕರೆದರು, ಅನೇಕ ಪಕ್ಷಗಳು ಒಪ್ಪಲಿಲ್ಲ, 2024ರ ಚುನಾವಣೆಯಲ್ಲಿ ಯಂತ್ರದ ಸುಳಿವೂ ಇರಲಿಲ್ಲ. ಗಾರೆಯವರು ಎಂದಿನಂತೆ ಪಕ್ಷಗಳೇ ಗೊತ್ತು ಮಾಡಿದ ಬಸ್ಸುಗಳನ್ನು ಹತ್ತಿದರು. ಯಂತ್ರ ಬಂದರೆ ಬಸ್ಸಿನಲ್ಲಿ ಕೂರಿಸಿ ಕರೆತರುವ ಆ ಆತ್ಮೀಯತೆ ಎಲ್ಲಿ ಉಳಿಯುತ್ತದೆ?

ಇನ್ನು ಸೆರೆಮನೆಯ ಖಾನೆ. ಮುಂಜಾಗ್ರತಾ ಬಂಧನದಲ್ಲಿರುವವರಿಗೆ ಅಂಚೆ ಮತಪತ್ರ ಉಂಟು; ವಿಚಾರಣಾಧೀನ ಕೈದಿಗಳಿಗೆ ಮತವೇ ಇಲ್ಲ. ಮುಂದೆ ಏನನ್ನಾದರೂ ಮಾಡಿಯಾನು ಎಂದು ಹಿಡಿದಿಟ್ಟವನು ಮತ ಹಾಕಬಹುದು, ಹಿಂದೆ ಮಾಡಿದ್ದಾನೋ ಇಲ್ಲವೋ ಎಂದು ಇನ್ನೂ ತೀರ್ಮಾನವಾಗದವನು ಹಾಕಬಾರದು, ಅಪರಾಧ ಸಾಬೀತಾಗಿ ಜಾಮೀನಿನ ಮೇಲೆ ಹೊರಗಿರುವವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಲಿನಲ್ಲಿ ನಿಲ್ಲಬಹುದು. ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ಈ ಕಲಮನ್ನು ಸುಪ್ರೀಂ ಕೋರ್ಟು 1997ರಲ್ಲಿ ಎತ್ತಿಹಿಡಿಯಿತು. ಕೈದಿಗಳಿಂದ ಮತ ಹಾಕಿಸಲು ಇನ್ನಷ್ಟು ಪೊಲೀಸರು ಬೇಕಾಗುತ್ತಾರೆಂಬುದೂ ಕಾರಣಗಳಲ್ಲೊಂದು. ಆದರೆ 2013ರ ತಿದ್ದುಪಡಿಯ ಪ್ರಕಾರ ಅದೇ ಕೈದಿ ಚುನಾವಣೆಗೆ ನಿಲ್ಲಬಹುದು. 2024ರಲ್ಲಿ ತಿಹಾರ್ ಜೈಲಿನಲ್ಲಿ ವಿಚಾರಣಾಧೀನರಾಗಿದ್ದ ಎಂಜಿನಿಯರ್ ರಶೀದ್ ಬಾರಾಮುಲ್ಲಾದಲ್ಲಿ ಒಮರ್ ಅಬ್ದುಲ್ಲಾ ಅವರನ್ನು ಸೋಲಿಸಿ ಸಂಸದರಾದರು. ಲಕ್ಷಾಂತರ ಜನರ ಮತ ಪಡೆಯಲು ಅರ್ಹರಾದ ಅವರು ತಮ್ಮದೊಂದು ಮತ ಹಾಕಲು ಅರ್ಹರಾಗಿರಲಿಲ್ಲ. ಅದೇ ಚುನಾವಣೆಯಲ್ಲಿ ದಿಬ್ರುಗಢದ ಜೈಲಿನಿಂದ ಗೆದ್ದ ಅಮೃತ್‌ಪಾಲ್ ಸಿಂಗ್ ಅವರ ಮೇಲಿದ್ದದ್ದು ರಾಷ್ಟ್ರೀಯ ಭದ್ರತಾ ಕಾಯ್ದೆಯ ಮುಂಜಾಗ್ರತಾ ಬಂಧನವಾದ್ದರಿಂದ ಅವರಿಗೆ ಅಂಚೆ ಮತದ ಹಕ್ಕಿತ್ತು. ಇದನ್ನೆಲ್ಲ ನನ್ನ ಅಣ್ಣನ ಮಗನಿಗೆ ಹೇಳಿದಾಗ ಅವನು, "ಹಾಗಾದರೆ ನನ್ನನ್ನು ಯಾರಾದರೂ ಮುಂಜಾಗ್ರತೆಯಾಗಿ ಹಿಡಿದರೆ ಅನುಕೂಲವಲ್ಲವೇ?" ಎಂದ. ಹಿಡಿಯಬೇಕಾದರೂ ನೀನು ಇಲ್ಲಿಗೆ ಬರಬೇಕಪ್ಪ, ಟಿಕೆಟಿನ ಖರ್ಚು ಅಷ್ಟೇ ಎಂದೆ.

ವಯೋವೃದ್ಧರ ಖಾನೆಯಲ್ಲಿ ಕಾಯ್ದೆಗೆ ಅಮೃತದ ಗುಣವೇ ಇದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ 80 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶವಿತ್ತು. ನಮೂನೆ 12ಡಿ ತುಂಬಿದ ನಮ್ಮ ಬೀದಿಯ 81ರ ರಾಯರ ಮನೆಗೆ ಸಿಬ್ಬಂದಿ, ಪೊಲೀಸರು, ವಿಡಿಯೋ ತೆಗೆಯುವವನು ಎಲ್ಲರೂ ದಿಬ್ಬಣದಂತೆ ಬಂದು, ಕಾಫಿ ಬೇಡವೆಂದು ಹೇಳಿ, ಮತ ಪಡೆದು ಹೋದರು. 2024ರ ಮಾರ್ಚ್ 1ರಂದು ನಿಯಮ ತಿದ್ದಿ ವಯಸ್ಸನ್ನು 85ಕ್ಕೆ ಏರಿಸಿದರು. ಅದೇ ವರ್ಷದ ಏಪ್ರಿಲ್ 26ರ ಬಿಸಿಲಿನಲ್ಲಿ 82ರ ರಾಯರು ಕೋಲೂರಿಕೊಂಡು ಮತಗಟ್ಟೆಗೆ ಹೊರಟರು. ಒಂದೇ ವರ್ಷದಲ್ಲಿ ಮನುಷ್ಯನನ್ನು ಇಷ್ಟು ಚುರುಕುಗೊಳಿಸುವ ರಸಾಯನ ಯಾವ ಆಯುರ್ವೇದದಲ್ಲೂ ಇಲ್ಲ.

ಕಾಶ್ಮೀರ ಕಣಿವೆಯಿಂದ ಹೊರಬಿದ್ದವರಿಗೆ ಜಮ್ಮು, ಉಧಂಪುರ, ದೆಹಲಿಗಳಲ್ಲಿ ವಿಶೇಷ ಮತಗಟ್ಟೆಗಳಿವೆ, ಇರಲೇಬೇಕು. ಅವರು ತುಂಬುತ್ತ ಬಂದಿದ್ದ ನಮೂನೆ ಎಂ ಎಂಬ ಕಾಗದದಿಂದ ಜಮ್ಮು, ಉಧಂಪುರದವರಿಗೆ ಬಿಡುಗಡೆ ಸಿಕ್ಕಿದ್ದು 2024ರಲ್ಲಿ. ಮನೆ ಬಿಟ್ಟವರಿಗೂ ಕಾಗದ ಬೆನ್ನು ಬಿಡುವುದಿಲ್ಲ.

ಖಾನೆಗಳು ಮುಗಿದವು. ದೂರ ಎಂಬುದನ್ನು ನಾನು ಈವರೆಗೆ ಕಿಲೋಮೀಟರಿನಲ್ಲಿ ಅಳೆಯುತ್ತಿದ್ದೆ. ಕಾಯ್ದೆಯು ಅದನ್ನು ಮತಗಟ್ಟೆಯಿಂದಲ್ಲ, ಸರ್ಕಾರದಿಂದ ಅಳೆಯುತ್ತದೆ. ಸರ್ಕಾರದ ಸಂಬಳದಲ್ಲೋ ಕುರ್ಚಿಯಲ್ಲೋ, ವಿಚಾರಣೆಯಿಲ್ಲದ ಸೆರೆಯಲ್ಲೋ ಇದ್ದವನಿಗೆ ಮತಪತ್ರ ತಾನಾಗಿ ಹೋಗುತ್ತದೆ. ಈ ಮಾತನ್ನು ಕೇಳಿ ಹುಡುಗ ನಿರಾಶನಾಗುತ್ತಾನೆಂದು ಅಂಜಿ, ಅಭ್ಯರ್ಥಿಗಳ ಕೈಪಿಡಿಯನ್ನು ತಿರುವಿಹಾಕಿ ಅವನಿಗೆ ಒಂದು ದಾರಿ ಹುಡುಕಿದೆ. ಪಟ್ಟಿಯಲ್ಲಿ ಹೆಸರಿದೆ, ವಯಸ್ಸು 25 ದಾಟಿದೆ. ನಾಮಪತ್ರವನ್ನು ಅಭ್ಯರ್ಥಿಯ ಪರವಾಗಿ ಸೂಚಕನೇ ಸಲ್ಲಿಸಬಹುದು, ಆ ಕೆಲಸಕ್ಕೆ ನಾನಿದ್ದೇನೆ. ಅಭ್ಯರ್ಥಿ ಪರದೇಶದಲ್ಲಿದ್ದರೆ ಪ್ರಮಾಣವಚನವನ್ನು ಅಲ್ಲಿಯ ಭಾರತೀಯ ರಾಯಭಾರಿಯ ಮುಂದೆ ಸ್ವೀಕರಿಸಬಹುದು. ಅಂದರೆ ಅದೇ ಗಾಜಿನ ಕಿಂಡಿಯ ಕಚೇರಿಯು ಅವನ ಮತವನ್ನು ಮುಟ್ಟದಿದ್ದರೂ ಅವನ ಉಮೇದುವಾರಿಕೆಯ ಪ್ರಮಾಣವನ್ನು ಆದರದಿಂದ ಬರೆದುಕೊಳ್ಳುತ್ತದೆ. ಠೇವಣಿ 25,000 ರೂಪಾಯಿ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಲೆಕ್ಕ ಹಾಕಿದ. ಲೆಕ್ಕ ಬರೆಯುವವನಲ್ಲವೇ. "ಚಿಕ್ಕಪ್ಪ, 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಅವರು ಧ್ರುವನಾರಾಯಣ ಅವರ ಎದುರು ಎಷ್ಟು ಮತದಿಂದ ಸೋತರು?"

ಒಂದು ಮತದಿಂದ ಎಂದೆ.

"ಹಾಗಾದರೆ ಟಿಕೆಟ್ ತೆಗೆಯಲೇಬೇಕಾಗುತ್ತದಲ್ಲ" ಎಂದು ಫೋನು ಇಟ್ಟ.