ಮಗುವಿನಂತೆ ನಂಬುವುದೆಂದರೆ ಬಾಯಿ ಮುಚ್ಚಿಕೊಳ್ಳುವುದೇ?

ಈ ಭಾನುವಾರ ಆರಾಧನೆ ಮುಗಿದ ಮೇಲೆ ಕಿವಿಗೆ ಬಿದ್ದ ಮಾತೊಂದು ನನ್ನನ್ನು ಇನ್ನೂ ಬಿಟ್ಟಿಲ್ಲ. ಗಂಡನನ್ನು ಕಳೆದುಕೊಂಡು ಎರಡು ತಿಂಗಳೂ ತುಂಬದ ಸಹೋದರಿಯೊಬ್ಬರು, ಇಷ್ಟು ಪ್ರಾರ್ಥಿಸಿದರೂ ದೇವರು ಏಕೆ ಹೀಗೆ ಮಾಡಿದರು ಎಂದು ಅಳುತ್ತಾ ಕೇಳಿದರು. ಅದಕ್ಕೆ ಸಭೆಯ ಹಿರಿಯರೊಬ್ಬರು, "ಮಗುವಿನಂತೆ ನಂಬಬೇಕಮ್ಮಾ, ದೇವರನ್ನು ಪ್ರಶ್ನಿಸಬಾರದು" ಎಂದುಬಿಟ್ಟರು. ಆಕೆ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು.

ಪ್ರಶ್ನಿಸದಿರುವುದು ಮಗುವಿನ ಗುಣವೆಂದು ನಮಗೆ ಯಾರು ಹೇಳಿಕೊಟ್ಟರು? ಒಂದು ಮಗುವಿನೊಡನೆ ಒಂದೇ ದಿನ ಕಳೆದವರೂ ಈ ಮಾತನ್ನು ಆಡಲಾರರು. ಅಷ್ಟು ಪ್ರಶ್ನೆ ಕೇಳುವವರು, ಅಷ್ಟು ಹಟ ಹಿಡಿಯುವವರು, ನೋವಾದರೆ ಅಷ್ಟು ಗಟ್ಟಿಯಾಗಿ ಅಳುವವರು ಬೇರೆ ಯಾರಿದ್ದಾರೆ? ಅತ್ತರೂ ಮಗು ಎತ್ತಿಕೊಂಡವರ ಕೊರಳನ್ನು ಬಿಡುವುದಿಲ್ಲ. ನಾವು ಕಲಿಯಬೇಕಾದ ನಂಬಿಕೆ ಅದೇ ಎಂದು ನನಗೆ ತೋರುತ್ತದೆ.

ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಮಗುವೊಂದನ್ನು ನಡುವೆ ನಿಲ್ಲಿಸಿದ್ದು, ಪರಲೋಕರಾಜ್ಯದಲ್ಲಿ ಯಾರು ದೊಡ್ಡವರು ಎಂದು ಕೇಳಿದ ಶಿಷ್ಯರ ಎದುರಿಗೆ. ಅಲ್ಲಿ ಅವರು ಬಯಸಿದ್ದು ತಗ್ಗಿಸಿಕೊಳ್ಳುವ ಮನಸ್ಸನ್ನು. ಮಕ್ಕಳನ್ನು ಯೇಸುವಿನ ಬಳಿಗೆ ತಂದ ಸಂದರ್ಭವನ್ನು ಹೇಳುವಾಗ ಇನ್ನೊಬ್ಬ ಸುವಾರ್ತೆಗಾರ ಲೂಕನು ಎಳೆಗೂಸುಗಳನ್ನು ಸೂಚಿಸುವ ಗ್ರೀಕ್ ಪದವನ್ನೇ ಬಳಸುತ್ತಾನೆ. ಯಾರಾದರೂ ಹೊತ್ತು ತರಬೇಕಾದ, ತಮ್ಮದೆಂದು ತೋರಿಸಲು ಏನೂ ಇಲ್ಲದ ಕೂಸುಗಳು ಅವು. ಆ ಸಹೋದರಿಗಿಂತ ಬರಿಗೈಯವರು ಅಂದು ನಮ್ಮ ನಡುವೆ ಯಾರಿದ್ದರು? ಮಕ್ಕಳನ್ನು ತಂದವರನ್ನು ಶಿಷ್ಯರು ಗದರಿಸಿದಾಗ ಯೇಸು ಕೋಪಗೊಂಡರೆಂದು ಮಾರ್ಕನು ಬರೆದಿದ್ದಾನೆ. ಭಾನುವಾರದಿಂದ ಆ ಕೋಪವೇ ನನಗೆ ನೆನಪಾಗುತ್ತಿದೆ.

ಬೈಬಲಿನ ಮೂರೇ ವಚನಗಳ 131ನೆಯ ಕೀರ್ತನೆಯನ್ನು ಒಮ್ಮೆ ನಿಧಾನವಾಗಿ ಓದಿ. ಅದರಲ್ಲಿ ತಾಯಿಯ ಬಳಿ ಸಮಾಧಾನದಿಂದಿರುವ ಕೂಸು ಮೊಲೆಬಿಟ್ಟ ಕೂಸು. ಮೊಲೆ ಬಿಡಿಸುವಾಗ ಯಾವ ಕೂಸೂ ಸುಮ್ಮನಿರುವುದಿಲ್ಲ. ರಾತ್ರಿಯೆಲ್ಲ ರಚ್ಚೆ ಹಿಡಿಯುತ್ತದೆ, ನಿನ್ನೆಯವರೆಗೆ ಕೊಟ್ಟದ್ದನ್ನು ಇಂದು ಏಕೆ ಕೊಡುತ್ತಿಲ್ಲವೆಂದು ಅದಕ್ಕೆ ಅರ್ಥವಾಗುವುದಿಲ್ಲ. ಹಾಲಿಗಾಗಿ ತಾಯಿಯನ್ನು ಹುಡುಕುತ್ತಿದ್ದ ಕೂಸು, ಹಾಲು ಸಿಗದೆಯೂ ಅವಳ ಮಡಿಲಲ್ಲಿ ಒರಗಿಕೊಳ್ಳುವುದು ಅಷ್ಟೆಲ್ಲ ಅತ್ತ ಮೇಲೆ. ಸಮರ್ಪಣೆ ಎಂಬ ಪದಕ್ಕೆ ನನಗೆ ಗೊತ್ತಿರುವ ಅತ್ಯಂತ ಪ್ರಾಮಾಣಿಕ ಚಿತ್ರವಿದು. ಎರಡು ತಿಂಗಳ ದುಃಖವನ್ನು ಒಂದು ವಾಕ್ಯದಿಂದ ಆ ಮಡಿಲಿಗೆ ತಳ್ಳಲು ನಮಗೇನು ಅವಸರ?

ಹಾಗಾದರೆ ವಿಧೇಯತೆಗೆ ಬೆಲೆಯೇ ಇಲ್ಲವೇ, "ನಿನ್ನ ಚಿತ್ತದಂತೆಯೇ ಆಗಲಿ" ಎಂದು ಪ್ರಾರ್ಥಿಸಲು ಯೇಸು ಕಲಿಸಿಲ್ಲವೇ ಎಂದು ಕೆಲವರು ಕೇಳಬಹುದು. ಕಲಿಸಿದ್ದಾರೆ, ನಿಜ. ಆದರೆ ಕಲಿಸಿದವರೇ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಬೋರಲು ಬಿದ್ದು, ಈ ಸಂಕಟದ ಪಾತ್ರೆ ತಮ್ಮಿಂದ ತೊಲಗಲಿ ಎಂದು ಬೇಡಿದರು. ಒಮ್ಮೆಯಲ್ಲ, ಮೂರು ಸಲ ಹೋಗಿ ಪ್ರಾರ್ಥಿಸಿದರು. ಆ ಕತ್ತಲಲ್ಲಿ ಅವರ ಬಾಯಿಂದ ಬಂದ ಪದ "ಅಪ್ಪಾ". ದೇವಕುಮಾರನೇ ಬೇಡಿ ಅತ್ತ ಮೇಲೆ, ಒಬ್ಬ ವಿಧವೆಯ ಪ್ರಶ್ನೆ ಅವಿಶ್ವಾಸವಾಗುವುದು ಹೇಗೆ? ಮಗುವಿನಂತಹ ಭರವಸೆಯ "ಚಿಕ್ಕ ಹಾದಿ"ಯನ್ನು ತೋರಿದ ಫ್ರಾನ್ಸಿನ ಸನ್ಯಾಸಿನಿ, ಲಿಸಿಯೂವಿನ ಸಂತ ತೆರೇಸಾ ಕೂಡ 1897ರಲ್ಲಿ ತಮ್ಮ 24ನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಳ್ಳುವ ಮೊದಲು, ತಿಂಗಳುಗಟ್ಟಲೆ ನಂಬಿಕೆಯ ಕಗ್ಗತ್ತಲನ್ನು ಅನುಭವಿಸಿದವರು.

ಅಪ್ಪ ಹಾಸಿಗೆ ಹಿಡಿದಿದ್ದ ಆ ವರ್ಷ ನಾನು ಹೇಗಿದ್ದೆನೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ನಿಮಗೆ ಹೇಳದೆ ಉಳಿದದ್ದು ಇಷ್ಟು: ಆಗ ನನಗೂ ಇದೇ ಬುದ್ಧಿವಾದ ಸಿಕ್ಕಿತ್ತು. ನಾನು ಎಲ್ಲರೆದುರು "ದೇವರ ಚಿತ್ತ" ಎನ್ನುತ್ತಾ, ಕೋಪವನ್ನು ಒಳಗೇ ನುಂಗಿಕೊಂಡು, ಕೊನೆಗೆ ಎರಡು ವರ್ಷ ದೇವರೊಡನೆ ಮಾತನ್ನೇ ಬಿಟ್ಟಿದ್ದೆ. ಬಾಯಿ ಮುಚ್ಚಿಸಿದ ನಂಬಿಕೆ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಅನುಭವಿಸಿಯೂ, ಭಾನುವಾರ ಆ ಸಹೋದರಿಯ ಪಕ್ಕದಲ್ಲೇ ಸುಮ್ಮನೆ ನಿಂತುಬಿಟ್ಟೆ. ಅದು ನನ್ನ ತಪ್ಪು.

ನಿನ್ನೆ ಸಂಜೆ ಆಕೆಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಆಕೆ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಪ್ರಾರ್ಥನೆಗೆ ಕೂತರೆ 'ಅಪ್ಪಾ, ಯಾಕೆ' ಅನ್ನುವುದರಾಚೆ ಮಾತು ಹೊರಡುವುದಿಲ್ಲ, ಅಷ್ಟೇ ಹೇಳಿದರೆ ಸಾಕಾಗುತ್ತದೆಯೇ?" ಎಂದು ಕೇಳಿದರು. ಸಾಕು ಎಂದೆ.