ಬಗ್ಗಿ ಹೋಗುವ ಬಾಗಿಲು

ಜಪಾನಿನ ನಾಗಾನೋ ಪ್ರಾಂತ್ಯದ ಚಿನೊ ಊರಲ್ಲಿ ಎರಡು ಮರದ ಕಾಂಡಗಳ ಮೇಲೆ ಒಂದು ಪುಟ್ಟ ಮನೆ ಕೂತಿದೆ. ನೆಲದಿಂದ ಸುಮಾರು 6 ಮೀಟರ್ ಎತ್ತರ. ಹೆಸರು ತಕಾಸುಗಿ-ಆನ್, ಅಂದರೆ ವಿಪರೀತ ಎತ್ತರವಾಗಿಬಿಟ್ಟ ಚಹಾಮನೆ. ಚಹಾಮನೆ ಅಂದರೆ ಅಂಗಡಿಯಲ್ಲ, ಅತಿಥಿಗೆ ವಿಧಿಪೂರ್ವಕ ಚಹಾ ಕೊಡುವ ಪುಟ್ಟ ಕೋಣೆ. ತೆರುನೊಬು ಫುಜಿಮೊರಿ ಅನ್ನುವ ವಾಸ್ತುಶಿಲ್ಪಿ 2004ರಲ್ಲಿ ತಮ್ಮ ಹುಟ್ಟೂರಲ್ಲೇ ಕಟ್ಟಿದ್ದು. ಹೋಗುವವರು ಏಣಿ ಹತ್ತಬೇಕು, ಅರ್ಧದಲ್ಲಿ ಚಪ್ಪಲಿ ಬಿಡಬೇಕು, ಮತ್ತೆ ಹತ್ತಿ ಒಳಗೆ ನುಸುಳಬೇಕು.

ಕೆಳಗೆ ನಿಂತು ನೋಡುವಾಗ ನನಗೆ ತೀರ್ಥಹಳ್ಳಿ ಕಡೆಯ ಅಜ್ಜನ ಮನೆ ನೆನಪಾಯಿತು. ಅಲ್ಲಿ ಬಾಗಿಲು ಗಿಡ್ಡ. "ಬಗ್ಗಿ ಬಾ ಮಾರಾಯ, ತಲೆ ತಾಗುತ್ತೆ" ಅಂತ ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದರು. ಮಣ್ಣಿನ ಗೋಡೆಯಲ್ಲಿ ಹುಲ್ಲಿನ ಎಳೆ ಕಾಣುತ್ತಿತ್ತು. ಉಗುರಿನಿಂದ ಕೀಳಲು ಹೋಗಿ ಬೈಸಿಕೊಳ್ಳುತ್ತಿದ್ದೆವು.

16ನೇ ಶತಮಾನದ ಚಹಾಗುರು ಸೆನ್ ನೊ ರಿಕ್ಯೂ ಕಟ್ಟಿಸಿದ್ದು ಅನ್ನುವ ತೈ-ಆನ್ ಚಹಾಮನೆ ಕ್ಯೋಟೋ ಹತ್ತಿರ ಇವತ್ತಿಗೂ ಇದೆ. ಒಳಗೆ ಎರಡೇ ಚಾಪೆಯ ಜಾಗ. ಅದರ ಗೋಡೆಯಲ್ಲೂ ಹುಲ್ಲು ಕಾಣುತ್ತದೆ. ಬಾಗಿಲು ಎಷ್ಟು ಚಿಕ್ಕದೆಂದರೆ ಮಂಡಿಯೂರಿ ತೆವಳಿಕೊಂಡೇ ಹೋಗಬೇಕು. ಇಂಥ ಬಾಗಿಲ ಮುಂದೆ ಸಮುರಾಯ್ ಕೂಡ ಕತ್ತಿ ಹೊರಗಿಟ್ಟು ಬಗ್ಗಬೇಕಿತ್ತು.

ತೊಕುಜಿನ್ ಯೊಶಿಯೊಕಾ ಅನ್ನುವ ವಿನ್ಯಾಸಕಾರರು ಇಂಥ ಚಹಾಮನೆಯನ್ನೇ ಗಾಜಿನಲ್ಲಿ ಮಾಡಿದ್ದಾರೆ. 2015ರಲ್ಲಿ ಕ್ಯೋಟೋದ ಬೆಟ್ಟದ ಮೇಲೆ ಅದನ್ನು ಇಟ್ಟಿದ್ದರು. ಬಿಸಿಲು ಬಿದ್ದರೆ ಒಳಗೆ ಕಾಮನಬಿಲ್ಲು ಮೂಡುತ್ತದೆ. ಚೆನ್ನಾಗಿದೆ, ನಿಜ. ಆದರೆ ಹೊರಗಿನದೆಲ್ಲ ಒಳಗೆ ಕಂಡರೆ ಕತ್ತಿಯ ಜೊತೆ ಬಿಟ್ಟು ಬಂದ ಲೋಕ ಮತ್ತೆ ಬಂದು ಎದುರು ಕೂತ ಹಾಗೆ ಅಲ್ವಾ? ನನಗೆ ಫುಜಿಮೊರಿ ದಾರಿಯೇ ಜಾಸ್ತಿ ಇಷ್ಟ. ಅವರ ಮನೆ ಹಳೆಯದರ ಹಾಗೆ ಕಾಣುವುದೇ ಇಲ್ಲ. 2010ರಲ್ಲಿ ಮಾಡಿದ ಇನ್ನೊಂದು ಚಹಾಮನೆಯನ್ನು ಚಿನೊದಲ್ಲೇ ತಂತಿ ಕಟ್ಟಿ ಗಾಳಿಯಲ್ಲಿ ತೂಗುಹಾಕಿದ್ದಾರೆ. ಆದರೂ ಒಳಗೆ ಹೋಗುವವನ ಮೈ ಬಗ್ಗಲೇಬೇಕು.

ನಮ್ಮೂರ ಕಡೆ ಈಗ ನಡೆಯುವುದು ಬೇರೆ. ಹೊಸ ಮನೆಗಳ ಮುಂದೆ ತೊಟ್ಟಿಮನೆಯ ಕಂಬ ನಿಲ್ಲಿಸುತ್ತಾರೆ, ಅದಕ್ಕೆ ಪಾಲಿಶ್ ಹೊಡೆಸುತ್ತಾರೆ. ಜಗಲಿಗೆ ಮಾತ್ರ ಜಾಗ ಬಿಡುವುದಿಲ್ಲ. ಮಳೆ ಬಂದರೆ ದಾರಿಹೋಕ ಗೇಟಿನ ಹೊರಗೇ ನೆನೆಯಬೇಕು. ನೋಡಿದಾಗ ಹೊಟ್ಟೆ ಉರಿಯುತ್ತದೆ.

ತಮ್ಮ ಈ ವರ್ಷ ಮನೆ ಕಟ್ಟಿಸುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ ಕಂಬದ ಫೋಟೋ ಕಳಿಸಿ, "ಯಾವುದು ಚೆಂದ, ಹೇಳಣ್ಣ" ಅಂದ. "ಕಂಬ ಯಾವುದಾದರೂ ಹಾಕು. ಇಬ್ಬರು ಕೂತು ಕಾಫಿ ಕುಡಿಯುವಷ್ಟು ಜಗಲಿ ಬಿಡು" ಅಂದೆ. ಅಳತೆ ಕೇಳಿದ್ದಾನೆ.